ಬಾಯಿತಾಳ

ಕಿವಿಗೆ ಬಿದ್ದ ಹಾಡಿನ ತಾಳಕ್ಕೇ ಗುಂಡಿಗೆಯನ್ನು ಮಿಡಿಸುವ ಯಂತ್ರ ಮುನಿತಾಯಮ್ಮನ ಎದೆಯಲ್ಲಿತ್ತು; ತಾಳ ನಿಂತರೆ ಗುಂಡಿಗೆಯೂ ನಿಲ್ಲುತ್ತಿತ್ತು. ಹೊಸ ಹಾಡುಗಳ ಓಟಕ್ಕೆ ಏದುಸಿರು ಬರುತ್ತಿದ್ದುದರಿಂದ ಅದೇ ಯಂತ್ರ ಹಾಕಿಸಿಕೊಂಡ ವಠಾರದ ಕಾಯಿಲೆಯವರೆಲ್ಲ ಆ್ಯಪ್‌ನಲ್ಲಿ ಹಳೇ ಹಿಪ್‌ಹಾಪ್‌ನವರನ್ನೇ ಹಚ್ಚಿಕೊಂಡಿದ್ದರು. ನಡುವೆ ಜಾಹೀರಾತು ಬಂದಾಗ ಮಗ ಚೆಲುವರಾಜ ಬಾಯಲ್ಲೇ ತಾಳ ಹಾಕುತ್ತಿದ್ದ.

ಇವತ್ತು ಜಾಹೀರಾತು ಮುಗಿದರೂ ಹಾಡು ಬರಲಿಲ್ಲ. ನೆಟ್‌ವರ್ಕ್ ಹೋಗಿತ್ತು. ಕಂಪನಿಯವರ ವಂಶವನ್ನೇ ಬೈಯಬೇಕೆನಿಸಿತು, ಆದರೆ ಚೆಲುವರಾಜನ ಬಾಯಿಗೆ ಬಿಡುವಿರಲಿಲ್ಲ. ತುಟಿ ಮರಗಟ್ಟುತ್ತಿತ್ತು. ಗೋಡೆಯಾಚೆ ಶಬೀನಾಳೂ ಅವಳಪ್ಪನಿಗಾಗಿ ತಾಳ ಹಾಕುತ್ತಿದ್ದಳು.

"ಇಸ್ಕೂಲು ಬಿಟ್ಟು ಕಲ್ತಿದ್ದು ಇದನ್ನೇ ತಾನೆ, ಹಾಕು," ಎಂದು ತಾಯಿ ನಕ್ಕಳು.

ಅಷ್ಟರಲ್ಲಿ ಗೋಡೆಯಾಚೆಯ ತಾಳ ನಿಂತಿತು. ಚೆಲುವರಾಜ ಫೋನಿನತ್ತ ನೋಡಿದ. ಹಾಡು ಬಂದಿರಲಿಲ್ಲ.

"ಅವ್ರಿಗೆ ನೆಟ್ ಬಂದಿರ್ಬೇಕು ಕಣೋ," ಎನ್ನುತ್ತ ತಾಯಿ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. "ನೀನ್ ನಿಲ್ಲಿಸ್ಬೇಡ."