ನೇಕಾರ ಕೇರಿಯ ಒಳಮ್ಯಾಪು

ಹೊನ್ನಗುಂಡಿಯ ನೇಕಾರ ಕೇರಿಯಲ್ಲಿ ಕಟ್ಟೆಯ ಮೇಲೆ ಕುಳಿತು ನೀಲಗಂಗಮ್ಮ ಹೇಳಿದ ಈ ಕಥೆಯನ್ನು ಕೇಳಿದಂತೆಯೇ ಬರೆದುಕೊಂಡಿದ್ದೇನೆ.

ಆ ಊರಿನಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆಯ ಮ್ಯಾಪಿನಲ್ಲಿ, ಅಂದರೆ ಒಂದೊಂದು ಹೆಸರಿಗೆ ಒಂದೊಂದನ್ನು ಜೋಡಿಸಿಡುವ ಪಟ್ಟಿಯಲ್ಲಿ, ಇರುವುದು ಮಾತ್ರ ನೆಲದ ಮೇಲೆ ಇರುತ್ತದೆ. ಹೊರಗಿನ ಮ್ಯಾಪಿನಲ್ಲಿ ಕೇರಿಗಳ ಹೆಸರು. ಪ್ರತಿ ಹೆಸರಿನೊಳಗೆ ಇನ್ನೊಂದು ಮ್ಯಾಪು, ಅದರಲ್ಲಿ ಮನೆಗಳು, ಮನೆಯವರು. ಅದನ್ನು ನೋಡಿಕೊಳ್ಳುತ್ತಿದ್ದವಳು ಗುರುಬಸವ್ವ. ಅವಳ ಹೆಸರಿನಲ್ಲಲ್ಲದೆ ಯಂತ್ರವು ಯಾರ ಆಜ್ಞೆಯನ್ನೂ ನಡೆಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪುರಸಭೆಯ ಅಧಿಕಾರಿ ದೇಸಾಯಿಯವರು ಬಂದು, "ನೇಕಾರ ಕೇರಿಗೆ ಹೊಸಾ ಒಳಮ್ಯಾಪು ಇಡವ್ವಾ. ಒಳಗ ಮಳಿಗಿ ಒಂದ ಇರಲಿ," ಎಂದರು.

"ಅಲ್ಲಿ ನಲವತ್ತೆರಡು ಮನಿ ಅದಾವಲ್ರೀ?"

"ಅಳಸು ಅಂದೆನೇನು? ಇಡು ಅಂದೆ."

"ಅದ ಹೆಸರಿಗೆ ಹೊಸಾದು ಇಟ್ಟರ ಹಳೇದು ತಾನ ಹೋಗತೈತ್ರೀ. ಅಳಸಲೇನು ಅಂತ ಜಾವಾ ಒಂದು ಮಾತೂ ಕೇಳೂದಿಲ್ಲ. ನಾನು ಕೇಳತೀನಿ."

"ನಿನ್ನ ಮನಿ ಕೋಟೆ ಓಣ್ಯಾಗ ಐತಿ. ನಿನಗ್ಯಾಕ ಈ ಉಸಾಬರಿ?"

ಗುರುಬಸವ್ವ ನೇಕಾರ ಕೇರಿಯ ಹಳೆಯ ಒಳಮ್ಯಾಪನ್ನೇ ತೆರೆದು, ಅದರೊಳಗೆ ತನ್ನ ಮನೆಯನ್ನೂ ಹೆಸರನ್ನೂ ಸೇರಿಸಿ, ಅನಂತರ ಕೋಟೆ ಓಣಿಯಿಂದ ಅವನ್ನು ತೆಗೆದಳು. ಎದ್ದು ಕುರ್ಚಿಯನ್ನು ದೇಸಾಯಿಯವರತ್ತ ತಿರುಗಿಸಿದಳು.

"ಈಗ ನೀವ ಇಡ್ರಿ. ಕೇರಿ ಹೋದರ ನಾನೂ ಹೋಗತೀನಿ. ಆಮ್ಯಾಲ ನಿಮ್ಮ ಮಳಿಗಿ ಯಾರ ಹೆಸರಿನ್ಯಾಗ ಏಳತೈತಿ, ನೋಡೂಣು."

ದೇಸಾಯಿಯವರು ಸಂಜೆಯವರೆಗೂ ಆ ಕುರ್ಚಿಯಲ್ಲಿ ಕುಳಿತಿದ್ದರು; ಒಂದು ಕೀಯನ್ನೂ ಒತ್ತಲಿಲ್ಲ.

ಕಥೆ ಮುಗಿದ ಮೇಲೆ, ನನ್ನ ಅಭ್ಯಾಸದಂತೆ, ಕೇರಿಯ ಬಾಗಿಲುಗಳನ್ನು ಎಣಿಸಿದೆ. ನಲವತ್ತಮೂರು ಇದ್ದವು. ಕೊನೆಯದನ್ನು ತಟ್ಟಿದಾಗ ಗುರುಬಸವ್ವನ ದನಿ ಬಂತು: "ಅಗಳಿ ಹಾಕಿಲ್ಲ, ಒಳಗ ಬರ್ರೀ."