ಅಪ್ಪ ನಿಲ್ಲಿಸಿ ಹೋದ ಮುಳ್ಳು

ಕುಮಟೆಯ ಮೊಬೈಲ್ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿದರೆ ಈಗಲೂ ನನ್ನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ.

ಅಪ್ಪನ ದೋಣಿ ಮರಳದೆ ಒಂದು ಮಳೆಗಾಲ ಕಳೆದಿತ್ತು. ಆ ತಂಡಿಗಾಲದಲ್ಲಿ ಅಪ್ಪನ ವಾಲ್ವ್ ರೇಡಿಯೊ ಕೆಟ್ಟಿತು. ಅಮ್ಮ ಅದನ್ನು ಅಪ್ಪನ ಲುಂಗಿಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಹೊನ್ನಾವರದ ರಿಪೇರಿ ಅಜ್ಜನಲ್ಲಿಗೆ ತಂದಳು. ನಾನೂ ಜೊತೆಗಿದ್ದೆ.

"ಕಾಯಿಲ್ ಹೋಗಿದೆ. ಹೊಸದಾಗಿ ಸುತ್ತಬೇಕು," ಎಂದರು ಅಜ್ಜ.

"ಎಂತ ಬೇಕಾದ್ರೂ ಮಾಡಿ. ಮುಳ್ಳು ಮಾತ್ರ ತಿರುಗಿಸ್ಬೇಡಿ. ಇವಳಪ್ಪ ಸ್ಟೇಶನ್ ಹುಡುಕ್ತಾ ಇದ್ದವ್ರು ಅರ್ಧಕ್ಕೇ ಬಿಟ್ಟು ದೋಣಿಗೆ ಹೋದ್ರು. ಬಂದು ಹುಡುಕ್ತೆ ಅಂದಿದ್ರು."

"ಆತು."

ಅಜ್ಜ ರೇಡಿಯೊದ ಹಿಂಬದಿ ಬಿಚ್ಚಿ ಕೂತರು. ಕೂದಲಿನಷ್ಟು ಸಪೂರದ ತಾಮ್ರದ ತಂತಿಯನ್ನು ಎಣಿಸಿ ಎಣಿಸಿ ಸುತ್ತಿ, ಮೇಣ ಹಚ್ಚಿ, ಬೆಸುಗೆ ಹಾಕಿದರು. ಗಾಜಿನ ಹಿಂದೆ ದೀಪ ಹತ್ತಿತು. ಬಂದದ್ದು ಮಾತ್ರ ಬರೀ ಗೊರಗೊರ. ಇನ್ನೂ ರಿಪೇರಿಯಾಗಿಲ್ಲವೆಂದುಕೊಂಡು ನಾನು ಗುಂಡಿ ತಿರುಗಿಸಿಬಿಟ್ಟೆ. ಮುಳ್ಳು ಸರಿದು ಹಾಡು ಬಂತು.

"ಅಮ್ಮ, ಸರಿಯಾತು," ಎಂದೆ.

ಅಮ್ಮ ಬೈಯಲಿಲ್ಲ. ಗಾಜಿನ ಮೇಲೆ ಬೆರಳಾಡಿಸುತ್ತ, "ಎಲ್ಲಿತ್ತು?" ಎಂದಳು. ಮತ್ತೊಮ್ಮೆ ಕೇಳಿದಳು. ನನಗೆ ನೆನಪಿರಲಿಲ್ಲ.

ಅಜ್ಜ ಎದ್ದು ಈಚೆ ಬಂದರು. ಗುಂಡಿ ಹಿಡಿದು ನಿಧಾನಕ್ಕೆ ತಿರುಗಿಸಿ, ಮತ್ತೆ ಗೊರಗೊರ ಬಂದಲ್ಲಿ ಒಂದು ಕಡೆ ನಿಲ್ಲಿಸಿದರು.

"ಇಲ್ಲೇ ಇತ್ತು ತಂಗಿ. ನಾ ನೋಡಿದ್ದೆ."

ಅಷ್ಟು ಹೊತ್ತೂ ಅವರು ಕೂತದ್ದು ರೇಡಿಯೊದ ಹಿಂದೆ. ಎದುರಿಗೆ ಕೂತವಳು ಅಮ್ಮ.

"ಹೌದು, ಅಲ್ಲೇ," ಎಂದಳು. ರೇಡಿಯೊವನ್ನು ಲುಂಗಿಯಲ್ಲಿ ಸುತ್ತಿದಳು. ಮನೆ ಮುಟ್ಟುವವರೆಗೂ ಆ ಗುಂಡಿಯ ಮೇಲಿಂದ ಕೈ ತೆಗೆಯಲಿಲ್ಲ.