ಏನೂ ತೊಂದರೆಯಿಲ್ಲ

"ಹೋದ ಸಲ ಬಂದು ಹೋದಮೇಲೆ ತಲೆಸುತ್ತು ಏನಾದ್ರೂ?"

"ಇಲ್ಲ."

"ಎದೆ ಡವಡವ ಅಂದಿದ್ದು?"

"ಇಲ್ಲ."

"ಪ್ರಜ್ಞೆ ತಪ್ಪಿದ್ದು?"

"ಇಲ್ವೇ ಇಲ್ಲ," ಎಂದರು ಬ್ಯಾಂಡ್ ಮೇಷ್ಟ್ರು, ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟೆ ಹೊತ್ತುಕೊಂಡು.

ನರ್ಸ್ ಪೆನ್ನು ಕೆಳಗಿಟ್ಟು ಆ ಬುಗುಟೆಯನ್ನೇ ನೋಡಿದಳು. ಪ್ರಶ್ನೆ ಕೇಳುವುದೇ ಅವಳ ಕೆಲಸ. ಸೊಂಟದ ಮೂಳೆಯಿಂದ ಮಜ್ಜೆ ಹೀರಿ, ಅದರೊಳಗಿನ ಸ್ಟೆಮ್ ಸೆಲ್‌ಗಳನ್ನು ಬೇರ್ಪಡಿಸಿ, ಸೋತುಹೋದ ಹೃದಯಕ್ಕೆ ಚುಚ್ಚುವ ಹೊಸ ಚಿಕಿತ್ಸೆಯನ್ನು ಆ ಆಸ್ಪತ್ರೆಯಲ್ಲಿ ಹನ್ನೆರಡು ಜನರ ಮೇಲೆ ಪರೀಕ್ಷಿಸುತ್ತಿದ್ದರು. ಮೇಷ್ಟ್ರು ನಾಲ್ಕನೆಯವರು. "ವಾಸಿ ಆಯ್ತಾ ಅನ್ನೋದು ಆಮೇಲಿನ ಮಾತು, ಈಗ ನಾವು ನೋಡೋದು ಏನಾದ್ರೂ ಎಡವಟ್ಟಾಯ್ತಾ ಅಂತ," ಎಂದು ಅವಳು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡುತ್ತಿದ್ದಳು. ಚುಚ್ಚಿಸಿಕೊಂಡ ಮೇಲೆ ಅತ್ತೆಯ ದನಿ ಜೋರಾಗಿ ಕೇಳುತ್ತಿದೆ ಎಂದವಳ ದೂರನ್ನೂ ಬಿಡದೆ ಬರೆದುಕೊಂಡಿದ್ದಳು. ಹಾಳೆಯಲ್ಲಿ ಅತ್ತೆಗೆ ಜಾಗವಿರಲಿಲ್ಲ, ಕಿವಿಗೆ ಇತ್ತು.

"ಇದೇನು ಮೇಷ್ಟ್ರೇ ಹಣೆ ಮೇಲೆ?"

"ಬಾಗಿಲು ತಾಕ್ತು."

"ಹೌದು, ಬಾಗಿಲು ಇವರನ್ನ ಹುಡುಕ್ಕೊಂಡು ಬಂತು," ಎಂದರು ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ. "ಶಾಲೆಯಿಂದ ಫೋನ್ ಬಂದಿತ್ತು ಸಿಸ್ಟರ್. ವಾದ್ಯ ಇಡೋ ಕೋಣೇಲಿ ಬಿದ್ದಿದ್ರಂತೆ. ಎರಡು ನಿಮಿಷ ಕಣ್ಣೇ ಬಿಟ್ಟಿಲ್ಲವಂತೆ."

"ಒಂದೇ ನಿಮಿಷ," ಎಂದರು ಮೇಷ್ಟ್ರು. ಅಲ್ಲಿಗೆ ಸಿಕ್ಕಿಬಿದ್ದರು.

ನರ್ಸ್ ಡ್ರಾಯರ್ ಎಳೆದು, ಎಡವಟ್ಟುಗಳನ್ನು ಬರೆಯುವ ಕೆಂಪು ಅಂಚಿನ ಹಾಳೆ ತೆಗೆದಳು. ಮೇಷ್ಟ್ರು ಅದರ ಮೇಲೆ ಅಂಗೈ ಇಟ್ಟುಬಿಟ್ಟರು. ಹನ್ನೆರಡು ಜನರಲ್ಲಿ ಯಾರಾದರೂ ಹೀಗೆ ಬಿದ್ದರೆ, ಯಾಕೆಂದು ಗೊತ್ತಾಗುವವರೆಗೆ ಹೊಸಬರಿಗೆ ಚುಚ್ಚುವಂತಿಲ್ಲ ಎಂದು ಅವರೇ ಸಹಿ ಹಾಕಿದ ಕಾಗದದಲ್ಲಿತ್ತು. ಹೊರಗೆ ಬೆಂಚಿನ ಮೇಲೆ ಐದನೆಯವಳು ಕಾಯುತ್ತಿದ್ದಳು. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಹೆಂಗಸು, ಮಜ್ಜೆ ತೆಗೆಸಲು ಬೆಳಗಿನಿಂದ ನೀರೂ ಕುಡಿಯದೆ ಬಂದಿದ್ದಳು. ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೇ ಎಂದು ಆಗತಾನೆ ಮೇಷ್ಟ್ರು ಅವಳಿಗೆ ಶುದ್ಧ ಸುಳ್ಳು ಹೇಳಿ ಧೈರ್ಯ ತುಂಬಿದ್ದರು.

"ನಾನು ಬಿದ್ದಿದ್ದಕ್ಕೆ ಆ ತಾಯಿ ಯಾಕೆ ವಾಪಸ್ ಹೋಗ್ಬೇಕು? ನನ್ನನ್ನ ಬೀಳಿಸಿದ್ದು ನಿಮ್ಮ ಸೆಲ್ ಅಲ್ಲ."

"ಮತ್ತೆ?"

ಮೇಷ್ಟ್ರು ಹೆಂಡತಿಯ ಮುಖ ನೋಡಿದರು, ಗೋಡೆಯ ಮೇಲಿದ್ದ ಹೃದಯದ ಚಿತ್ರ ನೋಡಿದರು. ಎರಡೂ ಕಡೆಯಿಂದ ಸಹಾಯ ಬರಲಿಲ್ಲ. "ಟ್ರಂಪೆಟ್," ಎಂದರು.

"ಡಾಕ್ಟರು ಊದಬಾರದು ಅಂದಾಗಿನಿಂದ ಅದು ಬೀರುವಿನಲ್ಲಿದೆ. ಬೀಗದ ಕೈ ನನ್ನ ಹತ್ರ ಇದೆ," ಎಂದರು ಹೆಂಡತಿ.

"ಅದು ನಂದು. ಊದಿದ್ದು ಶಾಲೇದು."

"ಎಷ್ಟು ದಿನದಿಂದ?"

"ಮೂರು ವಾರ." ಮೇಷ್ಟ್ರ ದನಿ ಇಳಿಯಿತು. "ಉಸಿರು ಬಂದಿತ್ತು ಕಣೇ. ಎರಡು ವರ್ಷ ಆದಮೇಲೆ ಒಂದು ಇಡೀ ಸಾಲು ಒಂದೇ ಉಸಿರಿಗೆ ಊದಿದೆ. ಎರಡನೇ ಸಾಲಿಗೆ ಹೋಗಬಾರದಿತ್ತು."

ಹೆಂಡತಿ ಮುಖ ಆಚೆ ತಿರುಗಿಸಿಕೊಂಡು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು.

ಟ್ರಂಪೆಟ್ಟೇ ಆಗಿರಲಪ್ಪ ಎಂದು ನರ್ಸಿನ ಮನಸ್ಸೂ ಬೇಡಿಕೊಂಡಿತು. 'ಚಿಕಿತ್ಸೆಗೆ ಸಂಬಂಧವಿಲ್ಲ' ಎಂಬ ಎರಡು ಪದದ ಮಾತು ಹೆಚ್ಚೇನೂ ಕಷ್ಟದ್ದಲ್ಲ. ಹೊರಗಿನವಳಿಗೂ ಅನುಕೂಲ, ಒಳಗಿನ ಡಾಕ್ಟರಿಗೂ ಖುಷಿ. ತಾನು ಹಾಗೆ ಬೇಡಿಕೊಂಡದ್ದು ತನಗೇ ತಿಳಿದ ಕೂಡಲೇ ಅವಳು ಮೇಷ್ಟ್ರ ಕೈಯನ್ನು ಹಾಳೆಯಿಂದ ಎತ್ತಿ ಪಕ್ಕಕ್ಕಿಟ್ಟಳು.

"ಟ್ರಂಪೆಟ್ಟನ್ನೂ ಬರೀತೀನಿ, ಸೆಲ್ಲನ್ನೂ ಬರೀತೀನಿ. ಯಾವುದು ಬೀಳಿಸಿದ್ದು ಅಂತ ಹೇಳೋದು ನೀವೂ ಅಲ್ಲ, ನಾನೂ ಅಲ್ಲ. ಇವತ್ತು ಇಲ್ಲೇ ಅಡ್ಮಿಟ್ ಆಗಿ, ಎದೆಗೆ ತಂತಿ ಹಚ್ಚಿ ನೋಡ್ತಾರೆ."

ಮೇಷ್ಟ್ರು ಓರೆಗಣ್ಣಿನಲ್ಲಿ ಹೆಂಡತಿಯನ್ನು ನೋಡಿ, "ಇವತ್ತು ಮನೆಗಿಂತ ಇಲ್ಲೇ ಕ್ಷೇಮ," ಎಂದರು.

ನರ್ಸ್ ಹೊರಗೆ ಬಂದು ಬೆಂಚಿನ ಮೇಲೆ ಅಂಚೆ ಕಚೇರಿಯವಳ ಪಕ್ಕ ಕೂತಳು. "ಇವತ್ತು ಇಲ್ಲಮ್ಮ. ಚುಚ್ಚಿಸಿಕೊಂಡವರಲ್ಲಿ ಒಬ್ಬರು ಪ್ರಜ್ಞೆ ತಪ್ಪಿ ಬಿದ್ದಿದ್ದಾರೆ. ಯಾಕೆ ಅಂತ ಗೊತ್ತಾಗಬೇಕು. ಮೂರು ವಾರ ಆಗಬಹುದು, ಮೂರು ತಿಂಗಳೂ ಆಗಬಹುದು. ಬೈಯೋದಿದ್ರೆ ಬೈದುಬಿಡಿ, ಅದಕ್ಕೂ ನನ್ನನ್ನೇ ಇಟ್ಟಿದ್ದಾರೆ."

ಹೆಂಗಸು ಚೀಲದಿಂದ ಬಾಟಲಿ ತೆಗೆದು ಗಟಗಟನೆ ಅರ್ಧ ನೀರು ಕುಡಿದಳು.

"ಬಿದ್ದದ್ದನ್ನ ಬರೆದುಕೊಂಡ್ರಾ?"

"ಬರೆದುಕೊಂಡೆ."

"ಹಾಗಾದ್ರೆ ಕಾಯ್ತೀನಿ." ಅವಳು ಬಾಯಿ ಒರೆಸಿಕೊಂಡಳು. "ನಮ್ಮಕ್ಕನಿಗೆ ಕಣ್ಣು ಮಂಜಾಗಿತ್ತು. ಒಂದು ಕ್ಲಿನಿಕ್‌ನಲ್ಲಿ ಹೊಟ್ಟೆ ಕೊಬ್ಬಿಂದ ಇಂಥದ್ದೇ ಸೆಲ್ ತೆಗೆದು ಎರಡೂ ಕಣ್ಣಿಗೆ ಚುಚ್ಚಿದ್ರು. ಸಾವಿರಾರು ಜನಕ್ಕೆ ಮಾಡಿದ್ದೀವಿ, ಒಬ್ಬರಿಗೂ ಏನೂ ತೊಂದರೆಯಾಗಿಲ್ಲ ಅಂದಿದ್ರು."

"ಈಗ ಹೇಗಿದ್ದಾರೆ ಅಕ್ಕ?"

"ನನ್ನನ್ನ ದನಿ ಕೇಳಿ ಗುರುತು ಹಿಡೀತಾಳೆ." ಬಾಟಲಿಯ ಮುಚ್ಚಳ ತಿರುಗಿಸುತ್ತ ಅವಳು ಹೇಳಿದಳು, "ಮೊನ್ನೆ ಬೇರೆ ಹೆಸರು ಹೇಳ್ಕೊಂಡು ಅಲ್ಲಿಗೆ ಫೋನ್ ಮಾಡಿ ವಿಚಾರಿಸಿದೆ ಸಿಸ್ಟರ್. ಇವತ್ತಿಗೂ ಒಬ್ಬರಿಗೂ ಏನೂ ಆಗಿಲ್ಲವಂತೆ."